ಮುಟ್ಟಬೇಡಿ ಮಾಮ

"ಒಡೆದಿದ್ದು ನನ್ನ ಕ್ಲಾಸಲ್ಲೇ ಸರ್. ತಪ್ಪು ನಂದೇ," ಎನ್ನುತ್ತಾ ಟೀಚರ್ ತರಬೇತಿಯಲ್ಲಿದ್ದ ಹುಡುಗಿ ಮರದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. ಒಳಗೆ ಹತ್ತಿಯ ಮೇಲೆ ಹಳೆಯ ಮಣ್ಣಿನ ಹೂಜಿ ಒಂದು ಕಡೆ, ಅದರ ಹಿಡಿಕೆ ಇನ್ನೊಂದು ಕಡೆ ಬಿದ್ದಿದ್ದವು.

ವಸ್ತುಸಂಗ್ರಹಾಲಯದ ಉಗ್ರಾಣ ನೋಡಿಕೊಳ್ಳುವ ಆತ ಕನ್ನಡಕ ಏರಿಸಿಕೊಂಡು ಹಿಡಿಕೆಯನ್ನು ಕೈಗೆತ್ತಿಕೊಂಡ. ಮುರಿದ ತುದಿಯಲ್ಲಿ ಒಣಗಿದ ಅಂಟು ಹೊಳೆಯುತ್ತಿತ್ತು. ಅದನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದು, "ಹೋಗ್ಲಿ ಬಿಡಮ್ಮ, ಮಣ್ಣು ತಾನೇ," ಎಂದ. ಅಂದ ಮೇಲೆ ತನ್ನ ದನಿ ತನಗೇ ಅಸಹ್ಯವಾಯಿತು.

ಇಪ್ಪತ್ತು ವರ್ಷ ಗಾಜಿನ ಕಪಾಟುಗಳ ಪಕ್ಕ ನಿಂತು "ಮುಟ್ಟಬೇಡಿ, ಮುಟ್ಟಬೇಡಿ" ಎಂದು ಗಂಟಲು ಹರಿದುಕೊಂಡವನಿಗೆ ಶಾಲೆಯ ಮಕ್ಕಳು ಇಟ್ಟ ಹೆಸರು ಮುಟ್ಟಬೇಡಿ ಮಾಮ. ಆ ಹೆಸರು ಮನೆಯವರೆಗೂ ತಲುಪಿ, ಅಡುಗೆಮನೆಯಲ್ಲಿ ಆತ ಪಾತ್ರೆಯ ಮುಚ್ಚಳ ತೆರೆದಾಗಲೆಲ್ಲ ಹೆಂಡತಿ ಅದನ್ನೇ ಹೇಳಿ ರೇಗಿಸುತ್ತಿದ್ದಳು. ಅಂಥವನೇ ಮೂರು ವರ್ಷದ ಹಿಂದೆ ನಿರ್ದೇಶಕಿಯ ಬೆನ್ನು ಬಿದ್ದು ಈ ಪೆಟ್ಟಿಗೆ ಮಾಡಿಸಿದ್ದ. ಮುಂದೆ ಟೀಚರ್ ಆಗುವವರು ಪಾಠದ ಅಭ್ಯಾಸಕ್ಕೆ ಇದನ್ನು ಒಯ್ಯಲಿ, ಮಕ್ಕಳು ಗಾಜಿಗೆ ಮೂಗು ಒತ್ತುವ ಬದಲು ಹಳೆಯ ಕಾಲವನ್ನು ಕೈಯಲ್ಲೇ ಹಿಡಿದು ನೋಡಲಿ ಎಂಬುದು ಅವನ ಆಸೆ. ನಿರ್ದೇಶಕಿ ಒಪ್ಪಿದ್ದರು, ಆದರೆ ಒಂದೇ ಒಂದು ವಸ್ತು ಒಡೆದರೂ ಪೆಟ್ಟಿಗೆಗೆ ಬೀಗ ಎಂದಿದ್ದರು.

ಪೆಟ್ಟಿಗೆ ಹೊರಡುವ ಮುಂಚೆ ಪ್ರತಿಯೊಂದು ವಸ್ತುವಿಗೂ ಒಂದು ಚೀಟಿ ಬರೆಯಬೇಕು. ಚೀಟಿಯಲ್ಲಿ ಆ ವಸ್ತುವಿನ ರೇಖಾಚಿತ್ರ, ಬಿರುಕಿದ್ದ ಕಡೆ ಕೆಂಪು ಪೆನ್ಸಿಲಿನ ಗೆರೆ, ಕೆಳಗೆ ಕೊಟ್ಟವರು ತೆಗೆದುಕೊಂಡವರು ಇಬ್ಬರ ಸಹಿ. ಹೋದ ತಿಂಗಳು ಒರೆಸುವ ಅವಸರದಲ್ಲಿ ಹೂಜಿಯನ್ನು ಕಪಾಟಿನ ಅಂಚಿಗೆ ಬಡಿಸಿದವನು ಆತನೇ. ಹಿಡಿಕೆ ಕಿತ್ತು ಕೈಗೆ ಬಂದಿತ್ತು. ಬೀಗದ ಮಾತು ನೆನಪಾಗಿ, ಬಾಗಿಲು ಹಾಕಿಕೊಂಡು ಅಂಟು ಹಚ್ಚಿದ್ದ. ಈ ಹುಡುಗಿಗೆ ಪೆಟ್ಟಿಗೆ ಕೊಡಲು ಚೀಟಿ ಬರೆಯುವಾಗ ಕೆಂಪು ಪೆನ್ಸಿಲನ್ನು ಮುಟ್ಟಲಿಲ್ಲ. ಹಿಡಿಕೆ ಹಿಡಿದು ಎತ್ತಬೇಡಮ್ಮ ಎಂದು ಬಾಯಿಮಾತಿಗೆ ಹೇಳಿದ್ದರೂ ಸಾಕಿತ್ತು. ಹೇಳಿದರೆ ಯಾಕೆ ಎಂದು ಕೇಳುತ್ತಾಳೆಂದು ಅದನ್ನೂ ನುಂಗಿಕೊಂಡಿದ್ದ.

"ನಿಮ್ಮ ಕಾಲೇಜಿಂದ ಪಾಠ ನೋಡೋಕೆ ಬಂದವರು ಏನಂದ್ರು?" ಎಂದು ಆತ ಕೇಳಿದ.

"ಒಂದು ಹೂಜಿ ಕಾಪಾಡೋಕೆ ಆಗದವಳು ನಲವತ್ತು ಮಕ್ಕಳನ್ನ ಹೇಗಮ್ಮ ಕಾಪಾಡ್ತೀಯ ಅಂದ್ರು. ಇನ್ನೊಂದ್ಸಲ ಪಾಠ ಮಾಡಿ ತೋರಿಸ್ಬೇಕಂತೆ. ಈ ಸಲ ಚಿತ್ರ ತೂಗುಹಾಕಿ ಮುಗಿಸ್ತೀನಿ ಸರ್. ಮುಟ್ಟಿಸೋ ಸಹವಾಸಾನೇ ಬೇಡ." ಆಕೆ ಚೀಲದಿಂದ ಒಂದು ಕವರು ತೆಗೆದಳು. "ನಿರ್ದೇಶಕರಿಗೆ ಕ್ಷಮಾಪಣೆ ಬರೆದಿದೀನಿ. ನೀವೇ ಕೊಟ್ಬಿಡ್ತೀರಾ? ನಂಗೆ ಮುಖ ಇಲ್ಲ."

ಆತ ಕವರನ್ನು ಜೇಬಿಗಿಳಿಸಿದ. ಬಾಗಿಲ ತನಕ ಹೋದವಳು ತಿರುಗಿ ನಿಂತಳು. "ನನ್ನ ಕತೆ ಹಾಳಾಗ್ಲಿ ಸರ್. ಹಿಡಿಕೆ ಹಿಡಿದು ಹೂಜಿ ಎತ್ತಿದ ಒಬ್ಬ ಪುಟ್ಟಿ ಇದಾಳೆ, ಅವತ್ತಿಂದ ಏನನ್ನೂ ಮುಟ್ತಿಲ್ಲ. ಸೀಮೆಸುಣ್ಣ ಕೊಟ್ರೂ ಕೈ ಹಿಂದೆ ಕಟ್ಕೋತಾಳೆ."

ಮರುದಿನ ಬೆಳಿಗ್ಗೆ ಕವರು ಜೇಬಿನಲ್ಲೇ ಇತ್ತು. ನಿರ್ದೇಶಕಿಯ ಕೋಣೆಯ ಮುಂದೆ ಎರಡು ಸಲ ಹಾದುಹೋಗಿ, ಹೂಜಿಯನ್ನೂ ಚೀಟಿಯನ್ನೂ ಚೀಲಕ್ಕೆ ಹಾಕಿಕೊಂಡು ಹುಡುಗಿ ಪಾಠ ಮಾಡುವ ಶಾಲೆಯ ದಾರಿ ಹಿಡಿದ. ಮಗುವಿಗೆ ನಾಲ್ಕು ಸಮಾಧಾನದ ಮಾತು ಹೇಳಿ ಬಂದರಾಯಿತು ಎಂದು ತನಗೆ ತಾನೇ ಹೇಳಿಕೊಂಡ. ಅಷ್ಟು ಮಾಡಿದರೆ ಎದೆಯ ಭಾರ ಇಳಿದೀತೆಂಬ ಲೆಕ್ಕಾಚಾರವೂ ಅದರೊಳಗಿತ್ತು.

"ಏ, ಮುಟ್ಟಬೇಡಿ ಮಾಮ!" ಎಂದು ತರಗತಿ ಗೊಳ್ಳೆಂದು ನಕ್ಕಿತು. ಹುಡುಗಿ ಗದರಿಸಿ, ಮಕ್ಕಳಿಗೆ ಬರೆಯಲು ಹೇಳಿ ಬೋರ್ಡಿನ ಕಡೆ ತಿರುಗಿದಳು. ಕೊನೆಯ ಬೆಂಚಿನ ಪುಟ್ಟಿ ಮಾತ್ರ ಬರೆಯುತ್ತಿರಲಿಲ್ಲ. ಕೈಗಳೆರಡೂ ಬೆನ್ನ ಹಿಂದಿದ್ದವು. ಆತ ಹತ್ತಿರ ಹೋಗಿ, ಮಂಡಿ ಊರಿ ಕೂತು, ಹೂಜಿಯನ್ನು ಮುಂದೆ ಹಿಡಿದ.

"ತಗೋ ಪುಟ್ಟಿ, ಹಿಡ್ಕೊಂಡು ನೋಡು."

"ಬೇಡ. ನಾನು ಹಿಡಿದ್ರೆ ಒಡೆಯುತ್ತೆ."

ಪರವಾಗಿಲ್ಲ ಕಂದ, ಇನ್ಮೇಲೆ ಹುಷಾರಾಗಿರು ಎಂಬ ಮಾತನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದ. ಈಗ ಅದನ್ನು ಬಿಟ್ಟುಬಿಟ್ಟ. ಏಳು ವರ್ಷದ ಮಗುವಿನ ತಲೆಗೆ ಕಟ್ಟಿದ ತಪ್ಪನ್ನು ಇನ್ನೊಂದು ಸಲ ಕಟ್ಟಲು ಬಂದಿದ್ದೇನಲ್ಲ ಎನಿಸಿ ನಾಚಿಕೆಯಾಯಿತು.

"ನೀನು ಒಡೀಲಿಲ್ಲ. ಒಡೆದಿದ್ದು ನಾನು. ನೀನು ಹಿಡಿಯೋಕೆ ಎಷ್ಟೋ ದಿನ ಮುಂಚೆ. ಅಂಟು ಹಚ್ಚಿ ಸುಮ್ನಾಗಿಬಿಟ್ಟೆ."

ಪುಟ್ಟಿ ಅವನ ಮುಖವನ್ನೇ ನೋಡಿದಳು. "ನಿಮ್ಗೆ ಬೈದ್ರಾ?"

"ಇನ್ನೂ ಇಲ್ಲ. ಯಾರಿಗೂ ಹೇಳಿಲ್ಲ."

ಬೋರ್ಡಿನ ಮೇಲೆ ಸೀಮೆಸುಣ್ಣದ ಸದ್ದು ನಿಂತಿತು. ಆತ ಹಿಂತಿರುಗಿ ನೋಡಲಿಲ್ಲ. ಹೆಜ್ಜೆಗಳು ಬೆಂಚಿನ ಪಕ್ಕಕ್ಕೆ ಬಂದವು.

"ನಿನ್ನೆ ನಿಮ್ಮೆದುರು ಅಷ್ಟು ಹೊತ್ತು ನಿಂತಿದ್ದೆನಲ್ಲ ಸರ್," ಎಂದಳು ಹುಡುಗಿ.

"ಹೆದರ್ಕೊಂಡೆ ಕಣಮ್ಮ. ಪೆಟ್ಟಿಗೆ ಮುಚ್ಚಿಬಿಡ್ತಾರೆ ಅಂತ." ಕವರನ್ನು ಜೇಬಿನಿಂದ ತೆಗೆದು ಆಕೆಯ ಕಡೆ ಚಾಚಿದ. "ಇದು ನೀನು ಬರೆಯೋ ಪತ್ರ ಅಲ್ಲ. ಇಲ್ಲಿಂದ ನೇರ ನಿರ್ದೇಶಕರ ಹತ್ರಾನೇ ಹೋಗ್ತೀನಿ. ನಿಮ್ಮ ಕಾಲೇಜಿಗೂ ಬರ್ತೀನಿ."

"ಆಗ್ಲೂ ಮುಚ್ತಾರಲ್ಲ ಸರ್."

"ಮುಚ್ಚಬಹುದು."

ಆಕೆ ಕವರು ತೆಗೆದುಕೊಂಡಳು. ಪರವಾಗಿಲ್ಲ ಎನ್ನಲಿಲ್ಲ. "ಚೀಟಿ ಇದೆಯಾ?" ಎಂದಳು. ಆತ ಚೀಟಿಯನ್ನೂ ಜೇಬಿನಲ್ಲಿದ್ದ ಕೆಂಪು ಪೆನ್ಸಿಲನ್ನೂ ಕೊಟ್ಟ. ಆಕೆ ಅವನ್ನು ಪುಟ್ಟಿಯ ಮುಂದೆ ಬೆಂಚಿನ ಮೇಲಿಟ್ಟಳು.

"ಎಲ್ಲಿ ಒಡೆದಿತ್ತು ಅಂತ ಗೆರೆ ಹಾಕ್ತೀಯಾ? ಮೊದಲು ಮುಟ್ಟಿ ನೋಡ್ಕೋ."

ಪುಟ್ಟಿ ಅವಳ ಮುಖ ನೋಡಿದಳು, ಅವನ ಮುಖ ನೋಡಿದಳು. ಆಮೇಲೆ ಬಲಗೈ ಬೆನ್ನ ಹಿಂದಿನಿಂದ ನಿಧಾನಕ್ಕೆ ಹೊರಬಂತು. ಒಂದು ಬೆರಳಿನಿಂದ ಹೂಜಿಯ ಮೇಲಿನ ಅಂಟಿನ ಕಲೆಯನ್ನು ಸವರಿ, ಪೆನ್ಸಿಲ್ ಎತ್ತಿಕೊಂಡಳು. ಆತನ ಮಂಡಿ ನೋಯುತ್ತಿತ್ತು. ಅವಳು ಗೆರೆ ಎಳೆದು ಮುಗಿಸುವ ತನಕ ಹೂಜಿಯನ್ನು ಎರಡೂ ಕೈಯಲ್ಲಿ ಅಲುಗಾಡದಂತೆ ಹಿಡಿದುಕೊಂಡೇ ಕೂತಿದ್ದ.