ಆರ್ವಿಡ್ ಕಾಫಿಗೆ ಹೋದಾಗ

ನಮ್ಮ ಔಷಧದಂಗಡಿಗೆ ಕೆಲಸ ಕೇಳಿಕೊಂಡು ಬಂದ ದಿನವೇ ಆರ್ವಿಡ್ ಹಾಲ್ವೋರ್ಸನ್ ಒಡತಿ ಮಾರ್ಲಿಸ್‌ಗೆ ಹೇಳಿದ್ದನಂತೆ: ಬಸಿರು ತಡೆಯುವ ಮಾತ್ರೆಯನ್ನು ಕೈಯಾರೆ ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ, ಆದರೆ ನನ್ನಿಂದಾಗಿ ಯಾರೂ ಬರಿಗೈಲಿ ಮರಳುವುದಿಲ್ಲ, ಇದು ನನ್ನ ಮಾತು.

ಈ ಮಾತನ್ನು ಇಷ್ಟು ವರ್ಷ ಕಾಪಾಡಿದ್ದು ಕಾಫಿ. ಅಂಥ ಚೀಟಿ ಬಂದರೆ ಕೌಂಟರಿನಲ್ಲಿರುವ ನಾನು “ಆರ್ವಿಡ್, ಕಾಫಿ!” ಎಂದು ಕೂಗುತ್ತೇನೆ. ಅವನು ಹಿಂದಿನ ಕೋಣೆಗೆ ಹೋಗುತ್ತಾನೆ, ಮಾರ್ಲಿಸ್ ಮುಂದೆ ಬಂದು ಮಾತ್ರೆ ಕೊಡುತ್ತಾಳೆ. ಉಪದೇಶವಿಲ್ಲ, ಯಾರ ಮುಖವೂ ಸಣ್ಣದಾಗುವುದಿಲ್ಲ. ಊರಿಗೆಲ್ಲ ಇದು ಗೊತ್ತು. ಶನಿವಾರದ ಕುಣಿತ ಮುಗಿದ ಮೇಲೆ, “ಪಾಪ, ಸೋಮವಾರ ಕಾಫಿ ಕುಡಿದೂ ಕುಡಿದೂ ಆರ್ವಿಡ್‌ಗೆ ನಿದ್ದೆ ಬರಲ್ಲ” ಎಂದು ನಗುವವರೂ ಇದ್ದಾರೆ.

ಜನವರಿಯ ಆ ಬೆಳಿಗ್ಗೆ ಹಿಮ ಸುರಿದು ಮಾರ್ಲಿಸ್‌ಳ ಮನೆಬಾಗಿಲೇ ಹೂತುಹೋಗಿತ್ತು. ಬರಲಾಗದು ಎಂದು ಫೋನ್ ಮಾಡಿದಳು. ಅಂಗಡಿಯಲ್ಲಿ ಆರ್ವಿಡ್, ನಾನು ಇಬ್ಬರೇ. ಶಾಲಾ ಬಸ್ಸು ಓಡಿಸುವ ಟ್ರೂಡಿ ನಡೆದೇ ಬಂದು ಚೀಟಿ ಚಾಚಿದಳು. ನಾನು ಅಭ್ಯಾಸಬಲದಿಂದ, “ಆರ್ವಿಡ್, ಕಾಫಿ!” ಎಂದೆ. ಅವನೂ ಅಭ್ಯಾಸಬಲದಿಂದ ಒಳಗೆ ಹೋದ. ನಾವು ಖಾಲಿ ಜಾಗವನ್ನು ನೋಡುತ್ತ ನಿಂತೆವು.

ಅವಳ ಹಿಂದೆ ನಿಂತಿದ್ದ ಮುದುಕ ಐನಾರ್ ಕೆಮ್ಮಿದ. “ಯಾರನ್ನ ಕಾಯ್ತಿದೀರಿ? ದೇವದೂತರನ್ನಾ?”

“ಅಯ್ಯೋ, ಮಾರ್ಲಿಸ್ ಇಲ್ವಲ್ಲ!” ಎಂದು ತಲೆ ಚಚ್ಚಿಕೊಂಡೆ. ನಾನು ಚೀಟಿ ತೆಗೆದುಕೊಳ್ಳಬಹುದು, ದುಡ್ಡು ಎಣಿಸಬಹುದು. ಔಷಧ ಕೊಡುವ ಹಕ್ಕು ಫಾರ್ಮಸಿಸ್ಟ್‌ಗಳಾದ ಅವರಿಬ್ಬರಿಗೇ, ನನಗಿಲ್ಲ.

ಟ್ರೂಡಿ ಕೌಂಟರಿನ ಮೇಲೆ ಬಾಗಿ ಒಳಕೋಣೆಗೆ ಕೇಳುವಂತೆ ಹೇಳಿದಳು: “ಆರ್ವಿಡ್, ನಾಳೆ ಬಾ ಅನ್ಬೇಡ ಮತ್ತೆ. ತಡ ಆದಷ್ಟೂ ಇದರ ಕಸುವು ಇಳಿಯುತ್ತೆ ಅಂದ್ರು ಡಾಕ್ಟರು. ಪಕ್ಕದೂರಿನ ಅಂಗಡಿಗೆ ಹೋಗೋಣ ಅಂದ್ರೆ ರಸ್ತೆ ಮುಚ್ಚಿದೆ. ಇರೋ ಮೂರು ಮಕ್ಕಳನ್ನ ಸಾಕೋದ್ರಲ್ಲೇ ನಾನು ಹೈರಾಣಾಗಿದೀನಿ.”

ಅವನು ಕೆಂಪು ಮುಖ ಹೊತ್ತು ಹೊರಗೆ ಬಂದ. “ಟ್ರೂಡಿ, ನನ್ನ ಕೈಲಿ ಆಗಲ್ಲ.”

“ಗೊತ್ತು ಕಣೋ. ಚರ್ಚಲ್ಲಿ ನಿನ್ನ ಪಕ್ಕದಲ್ಲೇ ನಿಂತು ಹಾಡ್ತೀನಲ್ಲ. ಆದ್ರೆ ನಾನೇನು ಮಾಡ್ಲಿ, ಹೇಳು?”

ಅವನು ಚೀಟಿ ನೋಡಿದ, ನೆಲ ನೋಡಿದ, ಕೊನೆಗೆ ಕಿಟಕಿಯಾಚೆ ನಿಂತಿದ್ದ ಐನಾರ್‌ನ ಹಿಮಗಾಡಿಯನ್ನು ನೋಡಿದ.

“ಐನಾರ್, ನಿನ್ನ ಸ್ನೋಮೊಬೈಲ್ ಕೊಡ್ತೀಯಾ? ಮಾರ್ಲಿಸ್‌ನ ಕರ್ಕೊಂಡು ಬರ್ತೀನಿ.”

“ಓಡ್ಸೋಕೆ ಬರುತ್ತಾ?”

“ಇಲ್ಲ.”

“ಹಾಗಾದ್ರೆ ನನ್ನ ಬಿಪಿ ಮಾತ್ರೆ ಮೊದ್ಲು ಕೊಡು. ನನ್ನ ಗಾಡಿ ವಾಪಸ್ ಬರೋವರೆಗೂ ಬೇಕಾಗುತ್ತೆ.”

ಮಾತ್ರೆ ಕೊಟ್ಟು ಆರ್ವಿಡ್ ಹೊರಟ. ಫಾರ್ಮಸಿಸ್ಟ್ ಇಲ್ಲದೆ ಔಷಧದ ಕೌಂಟರ್ ತೆರೆದಿರುವಂತಿಲ್ಲ. ಷಟರ್ ಎಳೆದು ನಾವು ಮೂವರೂ ಇಸ್ಪೀಟು ಆಡುತ್ತ ಕೂತೆವು. ಟ್ರೂಡಿ ಸೋಲುತ್ತಲೇ ಇದ್ದಳು, ಕಣ್ಣೆಲ್ಲ ಬಾಗಿಲ ಮೇಲೆ. ಬಹಳ ಹೊತ್ತಾದ ಮೇಲೆ ಹೊರಗೆ ಗುಡುಗಿದಂತಾಯಿತು.

ಆರ್ವಿಡ್‌ನ ಹುಬ್ಬಿನ ತುಂಬ ಹಿಮ. ಹಿಂದೆ, ರಾತ್ರಿಯುಡುಪಿನ ಮೇಲೆ ಕೋಟು ಸುತ್ತಿಕೊಂಡು, ಕೂದಲಿಗೆ ಸುತ್ತಿದ ರೋಲರುಗಳನ್ನೂ ಬಿಚ್ಚದೆ ಬಂದಿದ್ದಳು ಮಾರ್ಲಿಸ್.

“ಬಾಗಿಲು ಅಗೆದು ತೆಗೆದ, ಸರಿ. ಬೇಲಿ ಮುರಿದಿದ್ದು ಯಾಕೆ ಅಂತ ಕೇಳಿ!”

“ಬ್ರೇಕ್ ಎಲ್ಲಿದೆ ಅಂತ ಐನಾರ್ ಹೇಳ್ಲಿಲ್ಲ,” ಎಂದ ಆರ್ವಿಡ್.

“ನೀನು ಕೇಳ್ಲಿಲ್ಲ,” ಎಂದ ಐನಾರ್.

ಷಟರ್ ಏರಿತು. ಆರ್ವಿಡ್ ತಾನಾಗಿಯೇ ಒಳಕೋಣೆಗೆ ಹೋದ. ಮಾರ್ಲಿಸ್ ಮೆಲುದನಿಯಲ್ಲಿ ಟ್ರೂಡಿಯನ್ನು ಏನೋ ಕೇಳಿ, ಮಾತ್ರೆ ಕೊಟ್ಟು, ಅಲ್ಲೇ ನೀರನ್ನೂ ಕೊಟ್ಟಳು. ಟ್ರೂಡಿ ನುಂಗಿ ಉಸಿರುಬಿಟ್ಟಳು.

“ಥ್ಯಾಂಕ್ಸ್ ಕಣೋ, ಆರ್ವಿಡ್!”

“ಯಾತಕ್ಕೆ? ನಾನೇನೂ ಕೊಟ್ಟಿಲ್ಲ,” ಎಂದಿತು ಒಳಗಿನಿಂದ ಚಳಿಗೆ ನಡುಗುವ ದನಿ.

ಟ್ರೂಡಿ ಬರಿಗೈಲಿ ಮರಳಲಿಲ್ಲ. ಆರ್ವಿಡ್ ಕೊಟ್ಟ ಮಾತು ಉಳಿಯಿತು.