ಏಳದ ಸಾಕ್ಷಿ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಹದಿನಾಲ್ಕು ಜನರ ಕಫ ಪರೀಕ್ಷೆ ಕೆಟ್ಟಿತು. ಆದರೂ ಹದಿನಾಲ್ಕೂ ಜನರಿಗೆ ರೋಗವಿಲ್ಲವೆಂದು ಹೇಳಿ ಪ್ರಯೋಗಾಲಯದ ಮುಖ್ಯಸ್ಥರು ಬೆಳಿಗ್ಗೆಯೇ ಕೆಲಸಕ್ಕೆ ಇಳಿಸಿದರು. ವರದಿಗೆ ಸಹಿಯೊಂದು ಬಾಕಿ.

ಸಹಿ ಹಾಕಬೇಕಾದವಳು ಪ್ರಯೋಗಾಲಯದ ತಂತ್ರಜ್ಞೆ. ಪಿಸಿಆರ್ ಯಂತ್ರದ ಪರದೆಯ ಮುಂದೆ ಕೂರುತ್ತಾಳೆ, ಏಳುತ್ತಾಳೆ, ಮತ್ತೆ ಕೂರುತ್ತಾಳೆ. ಒಂದೊಂದು ನಳಿಕೆಯಲ್ಲೂ ಒಟ್ಟಿಗೇ ನಾಲ್ಕು ಹುಡುಕಾಟ, ನಾಲ್ಕಕ್ಕೂ ಬೇರೆ ಬೇರೆ ಬಣ್ಣದ ಗೆರೆ; ಹುಡುಕಿದ್ದು ಸಿಕ್ಕರೆ ಗೆರೆ ಮೇಲೇಳುತ್ತದೆ. ಒಂದು ಕ್ಷಯದ್ದು, ಒಂದು ಮದ್ದಿಗೆ ಬಗ್ಗದ ಕ್ಷಯದ್ದು, ಮತ್ತೊಂದು ಶ್ವಾಸಕೋಶದ ಬೇರೆ ಸೋಂಕಿನದು. ಹಸಿರು ಗೆರೆ ರೋಗದ್ದಲ್ಲ, ಮನುಷ್ಯನದು. ಕಫ ಕೊಟ್ಟವರ ಸ್ವಂತ ಡಿಎನ್‌ಎ ಸಿಕ್ಕರೆ ಏಳುತ್ತದೆ. ಲ್ಯಾಬಿನವರು ಅದಕ್ಕೆ ‘ಸಾಕ್ಷಿ’ ಎನ್ನುತ್ತಾರೆ. ಸಾಕ್ಷಿಯೂ ಸೇರಿ ನಾಲ್ಕೂ ಮಲಗಿದರೆ ರೋಗವಿಲ್ಲವೆಂದಲ್ಲ, ಪರೀಕ್ಷೆಯೇ ನಡೆದಿಲ್ಲವೆಂದು ಅರ್ಥ.

ಹದಿನಾಲ್ಕೂ ನಳಿಕೆಗಳಲ್ಲಿ ನಾಲ್ಕೂ ಗೆರೆಗಳು ನೆಲಕಚ್ಚಿದ್ದವು. ಆ ನಳಿಕೆಗಳಲ್ಲೊಂದು ಅವಳ ಅಣ್ಣನ ಹೆಂಡತಿಯದು. ಮೂರು ವಾರದ ಕೆಮ್ಮು, ಮನೆಯಲ್ಲಿ ಮೊಲೆಹಾಲಿನ ಕೂಸು.

ಕುಳಿತಿರಲಾರದೆ ಮೆಟ್ಟಿಲಿಳಿದು ಒಗೆಯುವ ಕೋಣೆಗೆ ಹೋದಳು. ಆವಿಯ ನಡುವೆ ಅತ್ತಿಗೆ ಹಾಸಿಗೆಯ ಹೊದಿಕೆ ಹಿಂಡುತ್ತಿದ್ದಳು.

“ಅತ್ತಿಗೆ, ಕಫದ ಡಬ್ಬಿಗೆ ಏನಾದ್ರೂ ಮಾಡಿದ್ರಾ?”

“ಏನ್ ಮಾಡೋದು? ತೊಳೆದು, ಆಮೇಲೆ ಉಗುಳಿ ಕೊಟ್ವಿ.”

“ಯಾವುದ್ರಲ್ಲಿ?”

“ಬ್ಲೀಚಿಂಗ್ ನೀರಲ್ಲಿ. ಎಲ್ಲರದ್ದೂ ನಾನೇ ಅದ್ದಿ ತೆಗೆದೆ. ಒಗೆಯೋರೇ ಕೊಳಕು ಡಬ್ಬಿ ಕೊಟ್ರು ಅನ್ನಿಸ್ಕೋಬೇಕಾ? ತಳದಲ್ಲಿ ಒಂದಿಷ್ಟು ಉಳೀತು, ಇರಲಿ, ಹುಳ ಸಾಯ್ಲಿ ಅಂದೆ.”

“ಹುಳದ ಗುರುತೂ ಹೋಯ್ತು, ನಿಮ್ಮ ಗುರುತೂ ಹೋಯ್ತು. ಆ ನೀರು ಡಿಎನ್‌ಎನೇ ತಿಂದುಹಾಕುತ್ತೆ.”

ಇಸ್ತ್ರಿಯ ಮೇಜಿನಿಂದ ಹಿರಿಯಳೊಬ್ಬಳು ನಕ್ಕಳು. “ಅತ್ತಿಗೆ ನಾದಿನಿ ಸೇರಿ ನಮ್ಮ ಗುರುತೇ ಒಗೆದು ಒಣಗಾಕಿದ್ರಲ್ಲೇ.”

ಅತ್ತಿಗೆಯೂ ನಕ್ಕಳು. ನಗು ಕೆಮ್ಮಾಯಿತು, ಸೆರಗಿಗೆ ಮುಖ ಒತ್ತಿಕೊಂಡಳು. ಉಸಿರು ಸಿಕ್ಕ ಮೇಲೆ, “ಏನೋ, ರೋಗ ಇಲ್ಲ ಅಂದ್ರಲ್ಲ, ಅಷ್ಟು ಸಾಕು. ಇವತ್ತಿಂದ ಕೂಸನ್ನ ಪಕ್ಕದಲ್ಲೇ ಮಲಗಿಸ್ಕೋತೀನಿ” ಎಂದಳು.

“ಬೇಡ ಅತ್ತಿಗೆ. ಇನ್ನೊಂದ್ಸಲ ಕಫ ತಗೊಂಡು ನೋಡೋವರೆಗೂ ಬೇಡ.”

ಮೇಲೆ ಬರುವಷ್ಟರಲ್ಲಿ ಮುಖ್ಯಸ್ಥರು ಅವಳ ಕುರ್ಚಿಯ ಹಿಂದೆಯೇ ನಿಂತಿದ್ದರು. ವರದಿಯಿಂದ ಹಸಿರು ಗೆರೆಯ ಸಾಲನ್ನೇ ತೆಗೆಸಿದ್ದರು. ಉಳಿದ ಮೂರು ಸಾಲುಗಳಲ್ಲಿ ಮೇಲಿಂದ ಕೆಳಗೆ ‘ಇಲ್ಲ, ಇಲ್ಲ, ಇಲ್ಲ’.

“ಎಲ್ಲಿ ಹೋಗಿದ್ರಮ್ಮ? ಸಹಿ ಹಾಕಿ.”

“ಡಬ್ಬಿಯಲ್ಲಿ ಬ್ಲೀಚ್ ಇತ್ತು ಸರ್. ಇದು ‘ಇಲ್ಲ’ ಅಲ್ಲ, ‘ಗೊತ್ತಿಲ್ಲ’. ಹೊಸ ಡಬ್ಬಿ ಕೊಡಿ, ನಾಳೆ ಮಧ್ಯಾಹ್ನಕ್ಕೆ ಹೇಳ್ತೀನಿ.”

“ನಾಳೆವರೆಗೂ ಆಪರೇಷನ್ ಕೋಣೆಗೆ ಬಟ್ಟೆ ಯಾರು ಒಗೀತಾರೆ, ನೀವಾ?”

“ಕೆಮ್ಮೋರ ಕೈಯಲ್ಲಿ ಒಗೆಸಿ, ಅದನ್ನೇ ರೋಗಿಗೆ ಹೊದಿಸ್ತೀರಾ?”

“ಅತ್ತಿಗೆ ಅಲ್ಲಿದಾರೆ ಅಂತ ತಾನೇ ಈ ಹಟ?”

“ಅತ್ತಿಗೇನ ಬಿಡಿ. ಇನ್ನೂ ಹದಿಮೂರು ಜನ ಇದ್ದಾರೆ.”

ಅವರು ಪೆನ್ನಿನ ಮುಚ್ಚಳ ತೆಗೆದು ಅವಳ ಮುಂದಿಟ್ಟರು. “ಯಂತ್ರ ಏನು ತೋರಿಸ್ತೋ ಅದಕ್ಕೆ ಸಹಿ ಹಾಕೋದು ನಿಮ್ಮ ಕೆಲಸ. ಹಾಕಿ.”

“ಯಂತ್ರ ತೋರಿಸಿದ್ದನ್ನ ನೀವು ಅಳಿಸಿದ್ದೀರಿ ಸರ್. ಇದಕ್ಕೆ ನಾನು ಸಹಿ ಹಾಕಲ್ಲ.”