ತಪ್ಪಾಗಿ ಕೊಟ್ಟ ಪುಸ್ತಕ

ಚೇರಿನ್ ಪುಸ್ತಕವನ್ನು ಮೇಜಿನ ಮೇಲಿಟ್ಟಳು, ಆದರೆ ಅದರ ಮೇಲಿಂದ ಕೈ ತೆಗೆಯಲಿಲ್ಲ.

"ಮುಗೀತಾ?" ಎಂದು ಕೇಳಿದಳು ಗ್ರಂಥಪಾಲಕಿ ಇನ್‌ಸುಕ್.

"ಎರಡು ಸಲ ಓದ್ದೆ ಮಿಸ್."

"ಹೆಂಗಿತ್ತು?"

ಐದನೇ ತರಗತಿಯ ಹುಡುಗಿ ಒಮ್ಮೆ ಹಿಂದೆ ತಿರುಗಿ ನೋಡಿದಳು. ಊಟದ ಬಿಡುವಿನ ಗಲಾಟೆಯೆಲ್ಲ ಮೈದಾನದಲ್ಲಿತ್ತು. ಶಾಲೆಯ ಗ್ರಂಥಾಲಯದಲ್ಲಿ ಅವರಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ.

"ಅದ್ರಲ್ಲಿ ಆ ಅಮ್ಮ ಅಪ್ಪನ ಶೂಸ್‌ನ ಬಾಗಿಲ ಹತ್ರಾನೇ ಇಟ್ಟಿರ್ತಾಳಲ್ಲ, ಬಂದೋರೆಲ್ಲ ಅಪ್ಪ ಒಳಗಿದಾನೆ ಅಂದ್ಕೊಳ್ಲಿ ಅಂತ. ನಮ್ಮನೇಲೂ ಇದೆ. ಅಮ್ಮ ಭಾನುವಾರ ಭಾನುವಾರ ಒರೆಸಿಡ್ತಾಳೆ."

ಇನ್‌ಸುಕ್ ತಲೆಯಾಡಿಸಿದಳು, ಅಷ್ಟೇ. ಹದಿನೇಳು ವರ್ಷ ಮಕ್ಕಳಿಗೆ ಪುಸ್ತಕ ಆರಿಸಿಕೊಟ್ಟವಳಿಗೆ ಯಾವಾಗ ಬಾಯಿ ಮುಚ್ಚಿಕೊಂಡಿರಬೇಕು ಎನ್ನುವುದು ಗೊತ್ತಿತ್ತು.

"ಯಾರಿಗೂ ಹೇಳ್ಬಾರ್ದು ಮಿಸ್."

"ನಾನ್ಯಾಕಮ್ಮ ಹೇಳ್ಲಿ."

ಈ ಪುಸ್ತಕವನ್ನು ಹುಡುಗಿಯೇ ಕೇಳಿ ಪಡೆದಿದ್ದಳು. ಹಿಂದಿನ ವಾರ ಕಪಾಟುಗಳ ನಡುವೆ ಸುಮ್ಮನೆ ಸುತ್ತಾಡಿ, ಕೊನೆಗೆ ಮೇಜಿನ ಬಳಿ ಬಂದು, "ಅಪ್ಪ ಮನೇಲಿರಬಾರ್ದು, ಆದ್ರೆ ಸತ್ತೂ ಹೋಗಿರಬಾರ್ದು. ಅಂಥ ಕಥೆ ಇದ್ಯಾ?" ಎಂದಿದ್ದಳು. ಹತ್ತು ಹನ್ನೆರಡು ವಯಸ್ಸಿನವರಿಗೆಂದು ಬರೆದ ಕಾದಂಬರಿಗಳಲ್ಲಿ ಅಪ್ಪಂದಿರು ಸಾಲುಸಾಲಾಗಿ ಸಾಯುತ್ತಾರೆ. ಲೇಖಕರಿಗೆ ಅದು ಸುಲಭ. ಸುಮ್ಮನೆ ಎದ್ದು ಹೋದ ಅಪ್ಪಂದಿರು ಸಿಗುವುದು ಕಷ್ಟ. ಇನ್‌ಸುಕ್ ಮೂರು ದಿನ ಹುಡುಕಿ, ನಾಲ್ಕು ಪುಸ್ತಕ ಓದಿ ಪಕ್ಕಕ್ಕಿಟ್ಟು, ಐದನೆಯದನ್ನು ಕೊಟ್ಟಿದ್ದಳು. 'ಅಪ್ಪ ಬಿಟ್ಟುಹೋದ ಚಳಿಗಾಲ' ಎಂದು ಅದರ ಹೆಸರು. ಚೇರಿನ್‌ಳ ಅಪ್ಪ ಕಂಪನಿಯ ಕೆಲಸದ ಮೇಲೆ ವಿಯೆಟ್ನಾಂನಲ್ಲಿದ್ದಾನೆ ಎಂದು ಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ತರಗತಿಯ ತಾಯಂದಿರ ಸಂಘಕ್ಕೆ ಚೇರಿನ್‌ಳ ಅಮ್ಮನೇ ಮುಖ್ಯಸ್ಥೆ, ಅವಳೇ ಎಲ್ಲರಿಗೂ ಹೇಳಿದ್ದಳು.

ಇನ್‌ಸುಕ್ ಕೊಟ್ಟ ಮಾತಿಗೆ ತಪ್ಪಲಿಲ್ಲ. ಅವಳು ಬಾಯಿಬಿಡುವ ಮೊದಲೇ ಆ ಕೆಲಸವನ್ನು ಯಂತ್ರ ಮಾಡಿ ಮುಗಿಸಿತ್ತು.

ಆ ವಸಂತದಲ್ಲಿ ಶಾಲೆಗೆ ಓದಿನ ಪಾಸ್‌ಬುಕ್ ಯಂತ್ರ ಬಂದಿತ್ತು. ಬ್ಯಾಂಕಿನದರಂಥದೇ ಪುಟ್ಟ ಪುಸ್ತಕ. ಅದನ್ನು ಸೀಳಿನೊಳಗೆ ತೂರಿಸಿದರೆ ತಾರೀಖು ಮತ್ತು ಎರವಲು ಪಡೆದ ಪುಸ್ತಕದ ಹೆಸರು ಕರಕರನೆ ಅಚ್ಚಾಗಿ ಹೊರಬರುತ್ತಿತ್ತು. ಮಕ್ಕಳಿಗೆ ಆ ಸದ್ದಿನ ಹುಚ್ಚು. ಆ ಯಂತ್ರ ಬೇಕೇಬೇಕೆಂದು ಎರಡು ವರ್ಷ ಅರ್ಜಿ ಹಾಕಿ ಎಲ್ಲರ ತಲೆ ತಿಂದವಳು ಇನ್‌ಸುಕ್. ಐದನೇ ತರಗತಿಯ ಶಿಕ್ಷಕಿ ಪ್ರತಿ ಶುಕ್ರವಾರ ಪಾಸ್‌ಬುಕ್‌ಗಳನ್ನು ಬಿಡಿಸಿ, ಯಾರದು ಎಷ್ಟು ತುಂಬಿದೆ ಎಂದು ಎಲ್ಲರಿಗೂ ಕಾಣುವಂತೆ ಗೋಡೆಗೆ ನೇತುಹಾಕುತ್ತಾಳೆ ಎನ್ನುವುದೂ ಅವಳಿಗೆ ಗೊತ್ತಿತ್ತು, ಅದನ್ನು ಮೆಚ್ಚಿಯೂ ಇದ್ದಳು. ಹಿಂದೆಲ್ಲ ಇಂಥ ಪುಸ್ತಕಗಳನ್ನು ಎಲ್ಲೂ ಬರೆಯದೆ ಮಗುವಿನ ಚೀಲಕ್ಕೆ ಜಾರಿಸಿಬಿಡುತ್ತಿದ್ದಳು. ಈ ಪುಸ್ತಕ ಕೊಟ್ಟ ದಿನ ಮಾತ್ರ ಚೇರಿನ್ ಪಾಸ್‌ಬುಕ್ ಚಾಚಿದಳು, ಇವಳ ಕೈ ರೂಢಿಯಂತೆ ಅದನ್ನು ಯಂತ್ರಕ್ಕೆ ಕೊಟ್ಟಿತು. ಮನಸ್ಸು ಎಲ್ಲಿತ್ತೋ.

ಶುಕ್ರವಾರ ಗೋಡೆಯ ಮುಂದೆ ನಿಂತ ಹುಡುಗಿಯೊಬ್ಬಳು ಆ ಪುಸ್ತಕದ ಹೆಸರಿದ್ದ ಸಾಲನ್ನು ಗಟ್ಟಿಯಾಗಿ ಓದಿದಳು. "ಏಯ್ ಚೇರಿನ್, ವಿಯೆಟ್ನಾಂನಲ್ಲಿ ಚಳಿಗಾಲ ಬರತ್ತೇನೇ?" ಎಂದಳು. ಇಡೀ ತರಗತಿ ನಕ್ಕಿತು.

ಬುಧವಾರ ಉಪಮುಖ್ಯೋಪಾಧ್ಯಾಯ ತಾಕ್ ಇನ್‌ಸುಕ್‌ಳನ್ನು ಕರೆಸಿದ. ಚೇರಿನ್‌ಳ ಅಮ್ಮ ಇಸ್ತ್ರಿ ಮಾಡಿದ ಕೋಟು ತೊಟ್ಟು, ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದಳು. ಎದುರಿಗಿದ್ದ ಬಾರ್ಲಿ ಚಹಾ ಮುಟ್ಟಿರಲಿಲ್ಲ.

"ಆ ಪುಸ್ತಕಾನ ನಾನೂ ತರಿಸಿ ಓದಿದೆ," ಎಂದಳು ಅವಳು. "ಊರಿಗೆಲ್ಲ ಸುಳ್ಳು ಹೇಳ್ಕೊಂಡು ತಿರುಗೋ ಹೆಂಗಸಿನ ಕಥೆ. ಇದರಿಂದ ಮಕ್ಕಳು ಏನು ಕಲೀಬೇಕು ಅಂತ ನನಗೆ ಗೊತ್ತಾಗ್ಲಿಲ್ಲ. ಅಷ್ಟು ಮಕ್ಕಳಲ್ಲಿ ನಮ್ಮ ಚೇರಿನ್‌ಗೇ ಯಾಕೆ ಕೊಟ್ರಿ?"

"ಶಿಫಾರಸು ಪಟ್ಟೀಲೂ ಇಲ್ವಲ್ರೀ ಇದು," ಎಂದ ತಾಕ್. "ಫೆಬ್ರವರೀಲಿ ನಿಮ್ಮ ಗುತ್ತಿಗೆ ಮುಂದುವರಿಸೋ ಕಾಗದ ನನ್ನ ಮೇಜಿಗೇ ಬರತ್ತೆ. ನಾನು ಏನಂತ ಬರೀಲಿ, ನೀವೇ ಹೇಳಿ."

ಪುಸ್ತಕವನ್ನು ಚೇರಿನ್‌ಳೇ ಕೇಳಿದಳು ಎಂದು ಇನ್‌ಸುಕ್ ಹೇಳಬಹುದಿತ್ತು. ಹಾಗೆಂದರೆ ಮಗಳು ಮನೆಯ ಗುಟ್ಟನ್ನು ಹೊರಗೆ ಆಡಿದಳೆಂದು ತಾಯಿಗೆ ತಿಳಿಯುತ್ತಿತ್ತು. ಹುಡುಗಿಯನ್ನು ಕಾಪಾಡಲೆಂದೇ ಸುಳ್ಳು ಹೇಳುತ್ತಿದ್ದೇನೆ ಎಂದು ಇನ್‌ಸುಕ್ ತನಗೆ ತಾನೇ ಹೇಳಿಕೊಂಡಳು. ಅದು ಅರ್ಧ ನಿಜ. ಇನ್ನರ್ಧ ಫೆಬ್ರವರಿ.

"ತಪ್ಪಾಯ್ತು. ಬೇರೆ ಯಾವುದೋ ಮಗು ಅಂದ್ಕೊಂಡು ಕೊಟ್ಬಿಟ್ಟೆ."

"ಹಾಗಾದ್ರೆ ಅದನ್ನ ಅವಳೆದುರಿಗೇ ಹೇಳಿಬಿಡಿ," ಎಂದಳು ಚೇರಿನ್‌ಳ ಅಮ್ಮ. ದನಿ ಈಗಲೂ ಏರಿರಲಿಲ್ಲ. "ಪುಸ್ತಕ ತನಗೋಸ್ಕರಾನೇ ಆರಿಸಿದ್ದು ಅಂತ ಮಗು ತಲೇಲಿ ಕೂತಿದೆ."

ತರಗತಿಯಿಂದ ಚೇರಿನ್ ಬಂದು ಬಾಗಿಲ ಬಳಿ ನಿಂತಳು. ಇನ್‌ಸುಕ್‌ಳನ್ನು ಕಂಡು ಅವಳ ಮುಖ ಕೊಂಚ ಹಗುರಾಯಿತು. ತನ್ನ ಕಡೆಯವರು ಒಬ್ಬರಾದರೂ ಇದ್ದಾರೆ ಎಂದುಕೊಂಡಿರಬೇಕು.

"ಚೇರಿನ್, ಆ ಪುಸ್ತಕ ನಿನಗಂತ ಇಟ್ಟಿದ್ದಲ್ಲ," ಎಂದಳು ಇನ್‌ಸುಕ್. "ಬೇರೆ ಹುಡುಗಿ ಅಂದ್ಕೊಂಡೆ. ನನ್ನ ಮರೆವು. ನಿಮ್ಮನೇಗೂ ಆ ಕಥೆಗೂ ಏನೂ ಸಂಬಂಧ ಇಲ್ಲ."

ಹುಡುಗಿ ಅವಳ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಅಮ್ಮನ ಕಡೆ ನೋಡಿದಳು.

"ನಾನು ಅದನ್ನ ಓದ್ಲೇ ಇಲ್ಲ," ಎಂದಳು.

ಅಮ್ಮ ಎದ್ದು ಮಗಳ ಕಾಲರ್ ಸರಿಮಾಡಿದಳು. ತಾಕ್‌ನಿಗೆ ಸಮಾಧಾನವಾಯಿತು. ಇನ್‌ಸುಕ್ ಆ ಮಧ್ಯಾಹ್ನ ಊಟದ ತಟ್ಟೆಯನ್ನು ಹಾಗೇ ವಾಪಸು ಮಾಡಿದಳು. ಸಂಜೆ ತಾಕ್‌ನಿಂದ ತಪ್ಪೊಪ್ಪಿಗೆಯ ಹೇಳಿಕೆಯ ಕಾಗದ ಬಂದಾಗ, ಅದರಲ್ಲಿ ಏನಿದೆ ಎಂದು ಪೂರ್ತಿ ಓದದೆ ಸಹಿ ಹಾಕಿದಳು.

ಎರಡು ವಾರ ಚೇರಿನ್ ಗ್ರಂಥಾಲಯದ ಕಡೆ ಸುಳಿಯಲಿಲ್ಲ. ಮೂರನೆಯ ವಾರ ಇಡೀ ತರಗತಿ ಓದಿನ ಅವಧಿಗೆಂದು ಬಂತು. ಎಲ್ಲರೂ ಪುಸ್ತಕ ಆರಿಸಿ ಕುಳಿತ ಮೇಲೆ ಅವಳು ಮೇಜಿನ ಬಳಿ ಬಂದು, ಹೊಸಬರ ಮುಂದೆ ಬಾಗುವಂತೆ, ಎರಡೂ ಕೈ ಹೊಟ್ಟೆಯ ಮೇಲಿಟ್ಟು ಬಾಗಿದಳು.

"ಮನುಷ್ಯರೇ ಇಲ್ದಿರೋ ಪುಸ್ತಕ ಬೇಕು."

"ಪ್ರಾಣಿಗಳ ಕಥೆ ಕೊಡ್ಲಾ?"

"ಬೇಡ. ಅವುಕ್ಕೂ ಅಪ್ಪ ಅಮ್ಮ ಇರ್ತಾರೆ."

ಇನ್‌ಸುಕ್ ಅವಳನ್ನು ಕಿಟಕಿಯ ಕೆಳಗಿನ ವಿಜ್ಞಾನದ ಕಪಾಟಿಗೆ ಕರೆದೊಯ್ದು, ಕಲ್ಲು, ಖನಿಜಗಳ ಚಿತ್ರವಿದ್ದ ಒಂದು ಪುಸ್ತಕವನ್ನು ಕೈಗಿತ್ತಳು. ಚೇರಿನ್ ನೆಲದ ಮೇಲೆ ಕುಳಿತು ಒಂದೊಂದೇ ಪುಟ ತಿರುಗಿಸಿ ನೋಡಿದಳು. ಒಂದು ಚಿತ್ರದಲ್ಲಿ, ಕಲ್ಲು ಎಷ್ಟು ದೊಡ್ಡದೆಂದು ತೋರಿಸಲು, ಯಾರದೋ ಅಂಗೈ ಇತ್ತು. ಅವಳು ಆ ಪುಸ್ತಕವನ್ನು ಮುಚ್ಚಿ ಕಪಾಟಿಗೆ ಸೇರಿಸಿ, ಪಕ್ಕದ್ದನ್ನು ಎಳೆದುಕೊಂಡಳು.